ಎರಡು ಬೋಳುತಲೆ, ಹನ್ನೆರಡು ಕುರ್ಚಿ

ನೇರವಾಗಿ ಕತ್ತರಿಸುವುದರಲ್ಲಿ ಸುಕೇಶನನ್ನು ಮೀರಿಸುವವರು ಮಣಿಪಾಲದಲ್ಲಿ ಇರಲಿಲ್ಲ. ಇದು ಅವನೇ ಹೇಳಿಕೊಂಡ ಮಾತಲ್ಲ, ಹೇಳಿಕೊಂಡಿದ್ದರೂ ತಪ್ಪಿರಲಿಲ್ಲ. ಹದಿನಾಲ್ಕು ವರ್ಷಗಳಿಂದ ಅವನು ಒಂದು ಬೈಂಡಿಂಗ್ ಅಂಗಡಿಯ ಕಟಿಂಗ್ ಮೆಷಿನ್ನಿನ ಮುಂದೆ ನಿಂತಿದ್ದ. ಡಾಕ್ಟರಾಗುವವರು, ಇಂಜಿನಿಯರಾಗುವವರು, ಏನೂ ಆಗದವರು, ಎಲ್ಲರ ಪ್ರಬಂಧಗಳೂ ಅವನ ಕೈಯಲ್ಲಿ ಅಂಚು ಸಮ ಮಾಡಿಸಿಕೊಂಡು, ಕಪ್ಪು ರೆಕ್ಸಿನ್ ತೊಟ್ಟು, ಚಿನ್ನದ ಅಕ್ಷರ ಬರೆಸಿಕೊಂಡು ಹೊರಟುಹೋಗಿದ್ದವು. ಒಳಗೆ ಬರೆದದ್ದನ್ನು ಯಾರೂ ಓದದೇ ಇದ್ದಿರಬಹುದು. ಅಂಚು ಓರೆಯಾಗಿದೆ ಎಂದು ಮಾತ್ರ ಯಾರೂ ವಾಪಸು ತಂದದ್ದಿಲ್ಲ.

ಹಾಗಾಗಿ ಬುಧವಾರ ಸಂಜೆ ಕಾರ್ಕಳದಿಂದ ಅತ್ತೆ ಗುಣವತಿ ವೀಡಿಯೊ ಕಾಲ್ ಮಾಡಿ, "ಮನೀಶನ ಮುಖ ಎಲ್ಲಿ? ನನಗೆ ಬರೀ ಕೂದಲು ಕಾಣ್ತದೆ" ಎಂದಾಗ ಸುಕೇಶ ಧೈರ್ಯವಾಗಿಯೇ ಉತ್ತರ ಕೊಟ್ಟ.

"ಭಾನುವಾರ ಕತ್ತರಿಸ್ತೇನೆ ಮಾಮಿ. ಮನೆಯಲ್ಲೇ. ನಾನೇ."

"ನೀನಾ?"

"ದಿನಾ ಕತ್ತರಿಸುದೇ ಅಲ್ವಾ ನನ್ನ ಕೆಲಸ?"

"ನೋಡು ಸುಕೇಶ, ನನಗೆ ಸುತ್ತಿ ಬಳಸಿ ಮಾತಾಡ್ಲಿಕ್ಕೆ ಬರುದಿಲ್ಲ. ಒಬ್ಬ ಹುಡುಗನ ತಲೆ ನೋಡಿಕೊಳ್ಳಲಿಕ್ಕೆ ಆಗದವ ಎರಡು ಮಕ್ಕಳನ್ನು ಹೇಗೆ ನೋಡಿಕೊಳ್ತಿ? ಇಲ್ಲಿಯ ಶಾಲೆಯಲ್ಲಿ ಮಾತಾಡಿ ಆಗಿದೆ. ಜೂನಿನಿಂದ ಇಬ್ಬರೂ ಇಲ್ಲಿಗೆ. ಫಾರ್ಮು ನನ್ನ ಚೀಲದಲ್ಲೇ ಉಂಟು. ನಿನ್ನ ಸಹಿ ಒಂದು ಬೇಕು."

"ಭಾನುವಾರದ ಮೇಲೆ ನೋಡಿ ಮಾಮಿ. ಭವ್ಯ ಕತ್ತರಿಸಿದ ಹಾಗೇ ಇರ್ತದೆ."

ಆ ಹೆಸರು ಬಂದ ಕೂಡಲೇ ಕಾಲ್ ಕಟ್ ಆಯಿತು. ನೆಟ್‌ವರ್ಕ್ ಇತ್ತು.

ಹೆಂಡತಿ ಭವ್ಯಶ್ರೀ ಇದ್ದಾಗ ಪ್ರತಿ ತಿಂಗಳ ಮೊದಲ ಭಾನುವಾರ ಪರ್ಕಳದ ಅವರ ಬಾಡಿಗೆ ಮನೆಯ ಹಿತ್ತಿಲಲ್ಲಿ ಒಂದು ಬಕೆಟ್ ಬೋರಲು ಬೀಳುತ್ತಿತ್ತು. ಮಕ್ಕಳು ಒಬ್ಬರ ನಂತರ ಒಬ್ಬರು ಅದರ ಮೇಲೆ ಕೂರುತ್ತಿದ್ದರು. ಅವಳು ಬಿಸ್ಕತ್ತಿನ ಡಬ್ಬಿಯಿಂದ ಕತ್ತರಿ ತೆಗೆದು, ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು, ಹತ್ತು ನಿಮಿಷದಲ್ಲಿ ಇಬ್ಬರನ್ನೂ ಮುಗಿಸುತ್ತಿದ್ದಳು. ಆಮೇಲೆ ಒಂದು ಜ್ವರ ಬಂತು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಹತ್ತನೇ ದಿನ ಮನೆಗೆ ಬಂದವರಲ್ಲಿ ಅವಳಿರಲಿಲ್ಲ. ಬರುವ ತಿಂಗಳಿಗೆ ಒಂದು ವರ್ಷ.

ಮಗನನ್ನು ಸೆಲೂನಿಗೆ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕರೆದುಕೊಂಡು ಹೋಗಿದ್ದ, ಒಂದು ಸಲ. ಮನೀಶ ಜೀವನದಲ್ಲಿ ಕಂಡ ಮೊದಲ ಕ್ಷೌರಿಕರು ಅಮ್ಮನ ಉತ್ತರಕ್ರಿಯೆಗೆ, ಹದಿಮೂರನೇ ದಿನದ ಬೊಜ್ಜಕ್ಕೆ, ಬಂದವರು. ಆ ದಿನ ಮೊದಲು ಅಪ್ಪನ ತಲೆ ಬೋಳಾಯಿತು, ಆಮೇಲೆ ಅವನದು. ಯಾಕೆ ಎಂದು ಕೇಳಿದ ಐದು ವರ್ಷದ ಹುಡುಗನಿಗೆ ಹಿರಿಯರೆಲ್ಲ ಸೇರಿ ಆಲೋಚಿಸಿ, "ಸೆಕೆಗೆ" ಎಂದರು. ಅವನು ನಂಬಲಿಲ್ಲ. ಸೆಕೆಗೆ ಯಾರೂ ಅಷ್ಟು ಅಳುವುದಿಲ್ಲ.

ಆರು ತಿಂಗಳ ಮೇಲೆ ಪರ್ಕಳದ ಸೆಲೂನಿನಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿದ ಕೂಡಲೇ ಮನೀಶ ಗಟ್ಟಿಯಾಗಿ ಕೇಳಿದ: "ಈಗ ಯಾರು ಸತ್ತದ್ದು?"

ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಮೂವರಲ್ಲಿ ಒಬ್ಬರಿಗೆ ಬಿ.ಪಿ. ಮಾತ್ರೆ ನೆನಪಾಯಿತು. ಇನ್ನೊಬ್ಬರು ಮನೆಗೆ ಫೋನ್ ಮಾಡಿದರು. ಮೂರನೆಯವರು ಸುಮ್ಮನೆ ಎದ್ದುಹೋದರು. ಸೆಲೂನಿನವ ಬಟ್ಟೆ ಬಿಚ್ಚಿ, "ಬೇಜಾರು ಮಾಡ್ಬೇಡಿ ಸಾರ್, ಇನ್ನು ಇವನನ್ನು ಇಲ್ಲಿಗೆ ತರಬೇಡಿ. ಬೆಳಿಗ್ಗೆ ಬೆಳಿಗ್ಗೆ ನನಗೇ ಒಂಥರಾ ಆಯ್ತು" ಎಂದ. ಅಂದಿನಿಂದ ಆ ತಲೆಗೆ ಕತ್ತರಿ ತಾಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಸುಕೇಶ ಹಿತ್ತಿಲಲ್ಲಿ ಬಕೆಟ್ ಬೋರಲು ಹಾಕಿದ. ಅಂಗಡಿಯಿಂದ ತಂದ ಉಕ್ಕಿನ ಸ್ಕೇಲು, ಪೆನ್ಸಿಲು ಮತ್ತು ಅಂಟುಪಟ್ಟಿಯನ್ನು ಸಾಲಾಗಿ ಇಟ್ಟುಕೊಂಡ. ಮಗನ ಕೂದಲನ್ನು ಒದ್ದೆ ಮಾಡಿ ಹಣೆಯ ಮೇಲೆ ಇಳಿಬಿಟ್ಟು, ಸ್ಕೇಲಿಟ್ಟು ಅಳೆದು, ಕಿವಿಯಿಂದ ಕಿವಿಗೆ ಅಂಟುಪಟ್ಟಿ ಹಚ್ಚಿದ. ನಾಲ್ಕನೇ ಕ್ಲಾಸಿನ ಅಕ್ಕ ಚೈತಾಲಿ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು.

"ಅಮ್ಮ ಟೇಪ್ ಹಚ್ಚುತ್ತಿರಲಿಲ್ಲ."

"ಟೇಪ್ ಹಚ್ಚಿದ್ರೆ ನೇರ ಬರ್ತದೆ."

"ಅಮ್ಮ ಮೊದಲು ಕಿವಿ ಮಡಚಿ ಹಿಡೀತಿದ್ರು."

"ಕಿವಿಗೆ ಆಮೇಲೆ ಬರುವಾ."

ಇದನ್ನು ಕೇಳಿದ ಮನೀಶ ಎರಡೂ ಕಿವಿಗಳನ್ನು ಕೈಯಿಂದ ಮುಚ್ಚಿಕೊಂಡ. ಮುಂದಿನ ಕೆಲಸವೆಲ್ಲ ಆ ಕೈಗಳ ಸುತ್ತಮುತ್ತ ನಡೆಯಬೇಕಾಯಿತು.

ಕಾಗದಕ್ಕೂ ತಲೆಗೂ ಇರುವ ವ್ಯತ್ಯಾಸ ಸುಕೇಶನಿಗೆ ಒಂದೊಂದಾಗಿ ಗೊತ್ತಾಯಿತು. ಕಾಗದ ಚಪ್ಪಟೆ, ತಲೆ ಹಾಗಲ್ಲ. ಕಾಗದಕ್ಕೆ ಸೀನು ಬರುವುದಿಲ್ಲ. ಮೊದಲನೇ ಸೀನಿಗೆ ಹಣೆಯ ಗೆರೆ ಎಡಕ್ಕೆ ಏರಿತು. ಬಲಗಡೆಯನ್ನು ಅದಕ್ಕೆ ಸರಿಹೊಂದಿಸಿದಾಗ ಬಲ ಹೆಚ್ಚು ಏರಿತು. ಮತ್ತೆ ಎಡ. ಅಂಗಡಿಯಲ್ಲಿ ಅಂಚು ಕೂಡದಿದ್ದರೆ ಇನ್ನೊಂದು ಎಳೆ ತೆಗೆಯುವುದು ವಾಡಿಕೆ. ಅವನು ಎಳೆ ಎಳೆಯಾಗಿ ತೆಗೆದ. ನಡುವೆ ಬಿಸಿಲಿಗೆ ಕೂದಲು ಒಣಗಿ, ಉಳಿದದ್ದೂ ಮೇಲಕ್ಕೆ ಎದ್ದು ನಿಂತಿತು.

"ಅಪ್ಪ, ಸಾಕು," ಎಂದಳು ಚೈತಾಲಿ.

"ಇನ್ನು ಸ್ವಲ್ಪ. ಸಮ ಆಗ್ಲಿಲ್ಲ."

ಆಗ ಕಂಪೌಂಡಿನ ಆಚೆಯಿಂದ ರಾಯ್‌ಸ್ಟನ್ ಇಣುಕಿದ. ಬಾಡಿಗೆ ಮನೆಯ ಯಜಮಾನ ಓಸ್ವಾಲ್ಡರ ಮಗ. ಹಡಗಿನ ಕೆಲಸದಿಂದ ರಜೆಗೆ ಬಂದವ. ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ, ಒಂದು ಟ್ರಿಮ್ಮರ್ ತಂದು ಗೋಡೆಯ ಮೇಲಿಂದ ಚಾಚಿದ.

"ಅಂಕಲ್, ಹಡಗಿನಲ್ಲಿ ನಾವೆಲ್ಲ ಇದ್ರಲ್ಲೇ ಮಾಡುದು. ಮೂರು ನಂಬರಿನ ಹಣಿಗೆ ಹಾಕಿದ್ದೇನೆ. ಕಣ್ಣು ಮುಚ್ಚಿ ಓಡಿಸಿ."

ಸುಕೇಶ ಕಣ್ಣು ಬಿಟ್ಟುಕೊಂಡೇ ಓಡಿಸಿದ. ಹಣೆಯಿಂದ ನೆತ್ತಿಯವರೆಗೆ ಸುಸೂತ್ರವಾಗಿ ಹೋಯಿತು. ಹಣಿಗೆ ಕಳಚಿ ಹುಡುಗನ ಮಡಿಲಿಗೆ ಬಿದ್ದಿದೆ ಎಂದು ಚೈತಾಲಿ ಎತ್ತಿ ತೋರಿಸುವಾಗ ನಡುತಲೆಯಲ್ಲಿ ಬೆಳ್ಳಗಿನ ಒಂದು ದಾರಿ ತೆರೆದಿತ್ತು. ಪರ್ಕಳದವರಿಗೆ ರಸ್ತೆ ಅಗಲ ಮಾಡುವ ಕೆಲಸ ಹೊಸತೇನಲ್ಲ. ನಡುವೆ ಒಮ್ಮೆ ಕಡಿದ ಮೇಲೆ ಎರಡು ಬದಿಯೂ ಉಳಿಯುವುದಿಲ್ಲ. ಅರ್ಧ ಗಂಟೆಯಲ್ಲಿ ಹನ್ನೊಂದು ತಿಂಗಳ ಕೂದಲು ಬಕೆಟಿನ ಸುತ್ತ ಬಿದ್ದಿತ್ತು.

ಮನೀಶ ತಲೆ ಮುಟ್ಟಿ ನೋಡಿಕೊಂಡ.

"ಯಾರು ಸತ್ತದ್ದು?"

"ಯಾರೂ ಇಲ್ಲ ಮಗ. ಅಪ್ಪನಿಗೆ ತಪ್ಪಿಹೋಯ್ತು."

"ನಿಮ್ಮ ಕೂದಲು ಹಾಗೇ ಉಂಟಲ್ಲ. ನನ್ನದು ಮಾತ್ರ ಯಾಕೆ ಹೋದದ್ದು?"

ಇದಕ್ಕೆ ಸುಕೇಶನಿಗೆ ಹೊಳೆದದ್ದು ಒಂದೇ ಉಪಾಯ. ಟ್ರಿಮ್ಮರನ್ನು ತನ್ನ ತಲೆಗೇ ಇಟ್ಟು ಮುಂದಿನಿಂದ ಹಿಂದಕ್ಕೆ ಎಳೆದುಕೊಂಡ. ಮಗ ಒಬ್ಬನೇ ಅಲ್ಲ, ಅಪ್ಪನೂ ಜೊತೆಗಿದ್ದಾನೆ ಎಂದಾದರೆ ಸಮಾಧಾನವಾದೀತು ಎಂಬುದು ಲೆಕ್ಕಾಚಾರ. ಎಲ್ಲ ಮುಗಿದ ಮೇಲೆ ಮನೀಶ ಅಪ್ಪನ ತಲೆಯನ್ನು ಬಹಳ ಹೊತ್ತು ನೋಡಿದ.

"ಇಬ್ಬರದ್ದೂ ಹೋದ್ರೆ ಖಂಡಿತ ಯಾರೋ ಸತ್ತಿದ್ದಾರೆ," ಎಂದ.

ಸೋಮವಾರ ಬೆಳಿಗ್ಗೆ ಇಗರ್ಜಿಯ ಪೂಜೆ ಮುಗಿಸಿ ಬರುತ್ತಿದ್ದ ಓಸ್ವಾಲ್ಡರ ಹೆಂಡತಿ ಇಮೆಲ್ಡಾ ಬಾಯಿಗೆ, ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದ ಎರಡು ಬೋಳುತಲೆಗಳು ಕಂಡವು. ತಂದೆ ಮತ್ತು ಮಗ ಒಟ್ಟಿಗೆ ತಲೆ ಬೋಳಿಸಿಕೊಂಡರೆ ಅದರ ಅರ್ಥವೇನೆಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಗಂಜಿಯ ಪಾತ್ರೆ ಹಿಡಿದುಕೊಂಡು ಬಂದರು. ಯಾರು ಹೋದದ್ದು ಎಂದು ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲವೆಂದು ಮೊದಲು ಅತ್ತರು.

"ನಮಗೆ ಒಂದು ಮಾತು ಹೇಳ್ಬಾರದಿತ್ತಾ ಸುಕೇಶ್?"

ಮಗನ ಕೂದಲಿಗೆ ನೆರೆಯವರು ಇಷ್ಟು ಮರುಗುವುದನ್ನು ಕಂಡು ಸುಕೇಶ ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ಹೇಳ್ಲಿಕ್ಕೆ ಹೊತ್ತೆಲ್ಲಿತ್ತು ಬಾಯಿ? ಅರ್ಧ ಗಂಟೆಯಲ್ಲಿ ಎಲ್ಲ ಮುಗಿದುಹೋಯ್ತು."

"ಅರ್ಧ ಗಂಟೆ! ಸೈಬಾ, ದೇವರೇ! ನೋವು ಗೀವು?"

"ಸ್ವಲ್ಪ ರಕ್ತ ಬಂತು. ಅಷ್ಟೆ."

"ಸೈಬಾ!" ಎಂದು ಇಮೆಲ್ಡಾ ಬಾಯಿ ಶಿಲುಬೆಯ ಗುರುತು ಮಾಡಿಕೊಂಡು ಓಡಿದರು. ಎಂಟು ಗಂಟೆಯೊಳಗೆ ಓಸ್ವಾಲ್ಡರು ಹನ್ನೆರಡು ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಅಂಗಳದಲ್ಲಿ ಎರಡು ಸಾಲು ಮಾಡಿ ಹಾಕಿಸಿದರು.

ಮದುವೆಗೆ ಕಾಗದ ಕೊಟ್ಟು ಕರೆಯಬೇಕು. ಸಾವಿಗೆ ಅಂಗಳದ ಕುರ್ಚಿಯೇ ಕಾಗದ. ಹತ್ತು ಗಂಟೆಗೆ ಏಳು ಕುರ್ಚಿಗಳು ತುಂಬಿದವು. ಹಾಲಿನವರು ಸೈಕಲ್ ನಿಲ್ಲಿಸಿ ಒಂದರಲ್ಲಿ ಕೂತರು. ಮಕ್ಕಳು ಈ ಗದ್ದಲದಿಂದ ದೂರ ಇರಲಿ ಎಂದು ಅವರನ್ನು ಶಾಲೆಗೆ ಕಳಿಸಿ ಸುಕೇಶ ಹಿಂದೆ ಬರುವಾಗ, ಮೇಲಿನ ರಸ್ತೆಯ ನಿವೃತ್ತ ಪೋಸ್ಟ್‌ಮಾಸ್ತರರು ಕೈಗಡಿಯಾರ ನೋಡುತ್ತ, "ಬಾಡಿ ಎಷ್ಟು ಗಂಟೆಗೆ ಬರುದು?" ಎಂದು ಕೇಳಿದರು.

"ಯಾವ ಬಾಡಿ ಸಾರ್? ಯಾರೂ ಸತ್ತಿಲ್ಲ."

ಮಾಸ್ತರರು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು.

"ಹಾಗೇ ಅನ್ನಿಸ್ತದೆ ಮಾರಾಯ. ನನ್ನ ಅಣ್ಣ ಹೋದಾಗ ನನಗೂ ಎರಡು ವಾರ ಹಾಗೇ ಅನ್ನಿಸ್ತಿತ್ತು."

"ಸಾರ್, ನಾನು ಕೂದಲು ಕತ್ತರಿಸ್ಲಿಕ್ಕೆ ಹೋಗಿ..."

"ಗೊತ್ತುಂಟು, ಗೊತ್ತುಂಟು. ಮಾತಾಡ್ಬೇಡ. ಯಾರಾದ್ರೂ ಒಂದು ಲೋಟ ನೀರು ಕೊಡಿ ಇವನಿಗೆ."

ನೀರು ಬಂತು. ಅಂಗಡಿಯ ಯಜಮಾನರಿಂದ ಫೋನೂ ಬಂತು: ಮೂರು ದಿನ ರಜೆ, ಬೈಂಡಿಂಗ್ ಹೇಗೂ ನಡೆಯುತ್ತದೆ. ಅಲ್ಲಗಳೆದಷ್ಟೂ ಸುಕೇಶನ ದುಃಖ ದೊಡ್ಡದಾಗುತ್ತ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವನು ಅಲ್ಲಗಳೆಯುವುದನ್ನು ಬಿಟ್ಟು, ಎಂಟನೇ ಕುರ್ಚಿಯಲ್ಲಿ ತಾನೇ ಕೂತ.

ಶಾಲೆಯಲ್ಲಿ ಗ್ಲೋರಿಯಾ ಟೀಚರ್ ಮನೀಶನ ತಲೆ ನೋಡಿ, ಕಣ್ಣೊರೆಸಿಕೊಂಡು, ಒಂದನೇ ಕ್ಲಾಸಿನ ಮಕ್ಕಳನ್ನೆಲ್ಲ ಎಬ್ಬಿಸಿ ಒಂದು ನಿಮಿಷ ಮೌನ ಮಾಡಿಸಿದರು. ಯಾರಿಗಾಗಿ ಎಂದು ಹೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಮನೀಶನೂ ಕೈಕಟ್ಟಿ ನಿಂತ. ಸಂಜೆ ಬಂದವನು ಅಂಗಳದ ಕುರ್ಚಿಗಳನ್ನು ನೋಡಿದ. ಚೈತಾಲಿಯ ನೋಟುಬುಕ್ಕಿನಿಂದ ಒಂದು ಹಾಳೆ ಹರಿಸಿಕೊಂಡು ಅವಳಿಂದ ಹೆಸರುಗಳನ್ನು ಬರೆಸಿದ. ಅಪ್ಪ, ಅಕ್ಕ, ಕಾರ್ಕಳದ ಅಜ್ಜಿ, ಕಾಪುವಿನ ಶೀನಜ್ಜ, ಇಮೆಲ್ಡಾ ಆಂಟಿ, ಗ್ಲೋರಿಯಾ ಟೀಚರ್. ಆ ದಿನ ಕಣ್ಣಾರೆ ಕಂಡವರ ಹೆಸರಿನ ಮುಂದೆ ಮಾತ್ರ ಗುರುತು ಹಾಕಿದ.

ಮಂಗಳವಾರ ಶೀನಜ್ಜನ ಹೆಸರಿಗೂ ಗುರುತು ಬಿತ್ತು. ಸುಕೇಶನ ಸೋದರಮಾವ ಶೀನ, ಸುದ್ದಿ ಕಾಪು ತಲುಪಿದ ಕೂಡಲೇ ಮೊದಲ ಬಸ್ಸಿಗೆ ಹತ್ತಿದ್ದರು. ಬಂದವರು ಕುರ್ಚಿಯಲ್ಲಿ ಕೂರಲಿಲ್ಲ. ಅಂಗಳದ ನಡುವೆ ನಿಂತು ಬೆರಳು ಮಡಚಿದರು.

"ನಿನ್ನ ಅಪ್ಪ ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತು. ನಾನು ಇಲ್ಲಿ ನಿಂತಿದ್ದೇನೆ. ಹಾಗಾದ್ರೆ ಸತ್ತದ್ದು ಯಾರು?"

"ಯಾರೂ ಇಲ್ಲ ಮಾವ," ಎಂದ ಸುಕೇಶ. ಎರಡು ದಿನದಲ್ಲಿ ಮೊದಲ ಬಾರಿಗೆ ಒಬ್ಬರು ಅದನ್ನು ನಂಬಿದರು. ನಂಬಿದ್ದೇ ತೊಂದರೆಯಾಯಿತು.

"ಯಾರೂ ಸಾಯದೆ ಗಂಡನೂ ಮಗನೂ ತಲೆ ತೆಗೆಸಿದ್ದೀರಿ. ಅಂದ್ರೆ ವರ್ಷದ ಕ್ರಿಯೆ! ದಿನ ಬರುವ ಮೊದಲೇ ಭವ್ಯಶ್ರೀಯ ವರ್ಷದ ಕ್ರಿಯೆ ಮುಗಿಸಿದ್ದಿ, ಅದೂ ಸೋದರಮಾವನಿಗೆ ಹೇಳದೆ!"

ಇದರ ಹಿಂದಿನ ಪದ್ಧತಿ ಹೀಗೆ. ಸಾವಾದ ಮನೆಯಲ್ಲಿ ವರ್ಷ ತುಂಬಿ ಕ್ರಿಯೆ ಮುಗಿಯುವ ತನಕ ಶುಭಕಾರ್ಯ ಮಾಡುವ ಹಾಗಿಲ್ಲ. ತುಂಬ ಅವಸರ ಇದ್ದವರು ಮಾತ್ರ ಕ್ರಿಯೆಯನ್ನು ಮುಂಚಿತವಾಗಿ ಮುಗಿಸಿಕೊಳ್ಳುತ್ತಾರೆ. ಎರಡು ಮಕ್ಕಳ ವಿಧುರನಿಗೆ ಇರಬಹುದಾದ ಅವಸರ ಯಾವುದು ಎಂದು ಎರಡು ಸಾಲು ಕುರ್ಚಿಗಳೂ ಏಕಕಾಲಕ್ಕೆ ಅರ್ಥ ಮಾಡಿಕೊಂಡವು. ಗಂಜಿ ತಂದಿದ್ದ ಇಮೆಲ್ಡಾ ಬಾಯಿ ಪಾತ್ರೆಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡರು.

ಶೀನ ಮಾವ ನಾಲ್ಕು ನಿಮಿಷ ಸಿಟ್ಟು ಮಾಡಿಕೊಂಡಿದ್ದರು. ಐದನೇ ನಿಮಿಷಕ್ಕೆ ಮೊಬೈಲು ತೆಗೆದರು.

"ಹೋಗ್ಲಿ. ಪ್ರಾಯದವ, ತಪ್ಪಲ್ಲ. ಹೆಜಮಾಡಿಯಲ್ಲಿ ಒಬ್ಬರಿದ್ದಾರೆ. ಅಂಗನವಾಡಿ ಟೀಚರ್. ಅವರ ಯಜಮಾನ ಬೋಟಿಗೆ ಹೋದವ ಬರ್ಲಿಲ್ಲ. ಒಂದು ಹೆಣ್ಣುಮಗು ಉಂಟು. ಸರಿಯಾಗಿ ಹೊಂದಾಣಿಕೆ ಆಗ್ತದೆ."

"ಮಾವ, ನಾನು ಬರೀ ಕೂದಲು..."

"ಆದ್ರೆ ಒಂದು ಮಾತು ಕಾರ್ಕಳದವರಿಗೆ ಹೇಳಿಯೇ ಮುಂದೆ ಹೋಗ್ಬೇಕು. ಮರ್ಯಾದೆ ಅಂತ ಒಂದು ಉಂಟಲ್ವಾ?"

ಸುಕೇಶ ಫೋನು ಕಿತ್ತುಕೊಳ್ಳುವ ಮೊದಲೇ ಅದು ರಿಂಗಾಗಿ, ಆ ಕಡೆ ಎತ್ತಿಯೂ ಆಗಿತ್ತು. "ಗುಣವತಿ ಅಕ್ಕ, ನೀವು ಬೇಜಾರು ಮಾಡ್ಬಾರ್ದು. ವರ್ಷದ ಕ್ರಿಯೆ ಇಲ್ಲೇ ಸಣ್ಣದಾಗಿ ಮುಗಿಸಿದ್ದಾನೆ ನಮ್ಮವ. ಇನ್ನು ಮಕ್ಕಳಿಗೂ ಒಂದು ದಿಕ್ಕು ಬೇಕಲ್ಲ..." ಶೀನ ಮಾವ ಏಳು ನಿಮಿಷ ಮಾತಾಡಿದರು. ಆ ಕಡೆಯಿಂದ ಒಂದೇ ವಾಕ್ಯ ಬಂತು.

"ನಾನು ಬರ್ತೇನೆ."

ಆಮೇಲೆ ಆ ಫೋನು ಸ್ವಿಚ್ ಆಫ್ ಆಯಿತು. ಸುಕೇಶ ಸಂಜೆಯವರೆಗೆ ಹದಿನೇಳು ಸಲ ಪ್ರಯತ್ನಿಸಿದ. ಪ್ರತಿ ಸಲ ಸಿಗದೆ ಹೋದಾಗಲೂ ಮನೀಶ ತನ್ನ ಹಾಳೆಯನ್ನು ನೋಡುತ್ತಿದ್ದ. ಅದರಲ್ಲಿ ಈಗ ಗುರುತಿಲ್ಲದೆ ಉಳಿದದ್ದು ಒಂದೇ ಹೆಸರು.

ಬುಧವಾರ ಅವನು ಶಾಲೆಗೆ ಹೋಗಲೊಲ್ಲದೆ ಗೇಟಿನ ಹತ್ತಿರ ನಿಂತ. ಹತ್ತೂವರೆಗೆ ಕಾರ್ಕಳದ ಬಸ್ಸಿನಿಂದ ಇಳಿದು, ಚೀಲವನ್ನು ಎದೆಗೆ ಒತ್ತಿಕೊಂಡು, ಅಳಿಯನಿಗೆ ಹೇಳಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಗುಣವತಿ ತಿರುವಿನಲ್ಲಿ ಕಾಣಿಸಿಕೊಂಡರು.

"ಅಜ್ಜಿ ಸತ್ತಿಲ್ಲ!" ಎಂದು ಮನೀಶ ಕಿರುಚಿದ. "ಅಪ್ಪಾ, ಅಜ್ಜಿ ಸತ್ತಿಲ್ಲ! ನಡೆದುಕೊಂಡು ಬರ್ತಿದ್ದಾರೆ!"

ಕುರ್ಚಿಗಳಲ್ಲಿದ್ದವರೆಲ್ಲ ಎದ್ದು ನಿಂತರು. ಹುಡುಗ ಓಡಿಹೋಗಿ ಅಜ್ಜಿಯ ಸೀರೆ ಹಿಡಿದು, ಅಲ್ಲೇ ರಸ್ತೆಬದಿಯಲ್ಲಿ, ಅವರ ಚೀಲದ ಮೇಲೆ ಹಾಳೆಯನ್ನಿಟ್ಟು ಕೊನೆಯ ಗುರುತನ್ನು ಹಾಕಿದ. ಗುಣವತಿ ಆ ಹಾಳೆಯನ್ನು ಓದಿದರು. ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಮೊದಲನೆಯದು ಅವರಿಗೆ ಮರೆತುಹೋಯಿತು.

ಎರಡನೆಯದೂ ಬರಲಿಲ್ಲ. ಅವರು ಕನ್ನಡಕ ಏರಿಸಿ, ಮೊಮ್ಮಗನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದರು.

"ಇದೆಂತ?"

"ಅದು ಮೆಷಿನ್ ತಾಗಿದ್ದು ಮಾಮಿ."

"ಕಿವಿಯ ಹಿಂದೆ ಈ ಜುಟ್ಟು?"

"ಅವನು ಕೈ ತೆಗೀಲಿಲ್ಲ. ಉಳಿದುಹೋಯ್ತು."

"ನೀನು ತಿರುಗು."

ಸುಕೇಶ ತಿರುಗಿದ. ಅವನ ತಲೆಯ ಹಿಂಭಾಗದಲ್ಲಿ ಅವನಿಗೇ ಗೊತ್ತಿಲ್ಲದ ಒಂದು ಕೂದಲಿನ ದ್ವೀಪ ಮೂರು ದಿನಗಳಿಂದ ಇತ್ತು. ಸಾಂತ್ವನಕ್ಕೆ ಬಂದವರೆಲ್ಲ ಅದನ್ನು ಕಂಡಿದ್ದರು; ದುಃಖದಲ್ಲಿದ್ದವನಿಗೆ ಯಾರೂ ಹೇಳಿರಲಿಲ್ಲ.

"ಶೀನಣ್ಣ," ಎಂದರು ಗುಣವತಿ, ಹಿಂದಿನ ದಿನದಿಂದ ಅಲ್ಲೇ ಉಳಿದಿದ್ದ ಬೀಗರ ಕಡೆ ತಿರುಗಿ, "ಇದು ವರ್ಷದ ಕ್ರಿಯೆ ಅಲ್ಲ. ಇಂಥ ಕೆಲಸ ಮಾಡಿ ಯಾವ ಕ್ಷೌರದ ಭಂಡಾರಿಯೂ ಊರಲ್ಲಿ ಮುಖ ತೋರಿಸ್ಲಿಕ್ಕಿಲ್ಲ. ಇದು ಇವನದ್ದೇ ಕೈ."

ತೀರ್ಪು ಸಿಕ್ಕಿತು. ಶೀನ ಮಾವ ಹೆಜಮಾಡಿಗೆ ಫೋನ್ ಮಾಡಿ ಬೇಡವೆನ್ನಲು ಬಾವಿಕಟ್ಟೆಯ ಕಡೆ ಹೋದರು. ಓಸ್ವಾಲ್ಡರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದರು. ಪೋಸ್ಟ್‌ಮಾಸ್ತರರಿಗೆ ಮಾತ್ರ ಸ್ವಲ್ಪ ನೋವಾಯಿತು. "ಮೂರು ದಿನ ಬಂದು ಕೂತದ್ದು," ಎಂದು ಗೇಟಿನ ಹತ್ತಿರ ಯಾರಿಗೋ ಹೇಳುತ್ತಿದ್ದರು.

ಎಲ್ಲರೂ ಹೋದ ಮೇಲೆ ಗುಣವತಿ ಚೀಲದಿಂದ ಫಾರ್ಮನ್ನು ತೆಗೆದು ಮೇಜಿನ ಮೇಲಿಟ್ಟರು. ಸುಕೇಶ ಪೆನ್ನಿಗೆ ಕೈ ಹಾಕಿದ. ಇಷ್ಟಾದ ಮೇಲೆ ವಾದಿಸಲು ಅವನ ಹತ್ತಿರ ಏನೂ ಉಳಿದಿರಲಿಲ್ಲ.

"ಈಗ ಬೇಡ," ಎಂದರು ಅವರು. "ಕ್ರಿಯೆ ಕಳೀಲಿ." ಫಾರ್ಮು ಮತ್ತೆ ಚೀಲಕ್ಕೆ ಹೋಯಿತು.

ಹನ್ನೆರಡು ದಿನ ಕಳೆದು ಕಾಪುವಿನಲ್ಲಿ, ಶೀನ ಮಾವನ ಮನೆಯ ಅಂಗಳದಲ್ಲಿ, ನಿಜವಾದ ವರ್ಷದ ಕ್ರಿಯೆ ನಡೆಯಿತು. ಬೊಜ್ಜಕ್ಕೆ ಬಂದಿದ್ದ ಭಂಡಾರಿಯವರೇ ಮಣೆ ಹಾಕಿ ಕೂತು, ಮುಂದೆ ಬಂದ ಎರಡು ತಲೆಗಳನ್ನು ನೋಡಿದರು. ಅಕ್ಕಿಕಾಳಿನಷ್ಟು ಕೂದಲು ಬಂದಿತ್ತು. ಜುಟ್ಟು ಮತ್ತು ದ್ವೀಪ ಇನ್ನೂ ಹಾಗೆಯೇ ಇದ್ದವು.

"ಇದು ಯಾರು ಮಾಡಿದ್ದು?"

ಚೈತಾಲಿ ಅಪ್ಪನ ಕಡೆ ಬೆರಳು ತೋರಿಸಿದಳು.

"ನನಗೆ ಇಲ್ಲಿ ಎಂತ ಕೆಲಸ ಉಂಟು? ಶಾಸ್ತ್ರಕ್ಕೆ ಕತ್ತಿ ಮುಟ್ಟಿಸ್ತೇನೆ, ಅಷ್ಟೆ."

ಸುಕೇಶನದ್ದಾಯಿತು. ಮನೀಶ ಮಣೆಯ ಮೇಲೆ ಕೂತ. ಭಂಡಾರಿಯವರು ಬಟ್ಟೆ ಕಟ್ಟಿದರು. ಮುಂದೇನಾಗುತ್ತದೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಎಲ್ಲರೂ ಬೇರೆ ಬೇರೆ ಕಡೆ ನೋಡಿದರು.

"ಯಾರು ಸತ್ತದ್ದು?" ಎಂದು ಕೇಳಿದ ಮನೀಶ.

"ಯಾರೂ ಇಲ್ಲ ಮಗ, ಸೆಕೆ ಅಲ್ವಾ..." ಎಂದು ಶೀನ ಮಾವ ಶುರು ಮಾಡಿದರು.

"ಅಮ್ಮ," ಎಂದ ಸುಕೇಶ.

ಮನೀಶ ಅಪ್ಪನ ಕಡೆ ಸ್ವಲ್ಪ ಅಸಹನೆಯಿಂದ ನೋಡಿದ.

"ಅಮ್ಮ ಅಂತ ನನಗೆ ಗೊತ್ತುಂಟು. ಬೇರೆ ಯಾರು?"

"ಬೇರೆ ಯಾರೂ ಇಲ್ಲ."

ಹುಡುಗ ಅಂಗಳದಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿಕೊಂಡು ಬಂದ. ಅಕ್ಕ. ಅಜ್ಜಿ. ಶೀನಜ್ಜ.

"ಹಾಗಾದ್ರೆ ಸರಿ," ಎಂದು ತಲೆ ಬಗ್ಗಿಸಿದ.

ಊಟವಾಗಿ ಎಲೆ ಎತ್ತಿದ ಮೇಲೆ ಗುಣವತಿ ಅಳಿಯನನ್ನು ಹಿಂದಿನ ಜಗಲಿಗೆ ಕರೆದರು. "ಡಬ್ಬಿ ತಾ ಅಂತ ಹೇಳಿದ್ದೆ. ತಂದಿದ್ದಿಯಾ?" ಅವನು ಬಿಸ್ಕತ್ತಿನ ಡಬ್ಬಿಯನ್ನು ಮುಂದಿಟ್ಟ. ಅವರು ಚೈತಾಲಿಯನ್ನು ಮೆಟ್ಟಿಲ ಮೇಲೆ ಕೂರಿಸಿದರು. ಅವಳ ಕೂದಲಿಗೂ ಒಂದು ವರ್ಷದಿಂದ ಯಾರೂ ಕೈ ಹಚ್ಚಿರಲಿಲ್ಲ. ಅವಳು ಕೇಳಿರಲೂ ಇಲ್ಲ. ಗುಣವತಿ ಕತ್ತರಿಯನ್ನು ಸುಕೇಶನ ಕೈಗೆ ಕೊಟ್ಟರು. ಉದುರುವ ಕೂದಲಿಗೆಂದು ಚೀಲದಿಂದ ಒಂದು ಕಾಗದ ತೆಗೆದು ಮೊಮ್ಮಗಳ ಹಿಂದೆ ಹಾಸಿದರು. ಅದು ಶಾಲೆಯ ಫಾರ್ಮು ಎಂದು ಸುಕೇಶನಿಗೆ ಗೊತ್ತಾಯಿತು.

"ಮೊದಲು ಕಿವಿ ಮಡಚಿ ಹಿಡಿ."

"ನಾನು ಆವತ್ತೇ ಹೇಳಿದ್ದೆ," ಎಂದಳು ಚೈತಾಲಿ.

ಅವನು ಕಿವಿ ಮಡಚಿ ಹಿಡಿದ. ತುದಿಯಿಂದ ಒಂದು ಬೆರಳಗಲ ಕತ್ತರಿಸುತ್ತ ಬಂದ. ಕೊನೆಗೆ ದೂರ ಸರಿದು ನೋಡಿದ. ಎಡಗಡೆ ಸ್ವಲ್ಪ ಮೇಲಿತ್ತು. ಕತ್ತರಿ ತಾನಾಗಿಯೇ ಬಲಗಡೆಗೆ ಹೋಯಿತು. ಗುಣವತಿ ಅವನ ಮುಂಗೈ ಹಿಡಿದರು.

"ಸಾಕು."

"ಓರೆ ಆಗಿದೆ ಮಾಮಿ."

"ಭವ್ಯನದ್ದು ಯಾವಾಗಲೂ ಓರೆಯೇ. ಮಕ್ಕಳ ಹಳೇ ಫೋಟೋ ತೆಗೆದು ನೋಡು. ಅವಳು ಅಷ್ಟಕ್ಕೇ ಬಿಡ್ತಿದ್ಲು."

ಸುಕೇಶ ಕತ್ತರಿಯನ್ನು ಡಬ್ಬಿಯಲ್ಲಿಟ್ಟ. ಗುಣವತಿ ಫಾರ್ಮನ್ನು ಕೂದಲಿನ ಸಮೇತ ನಾಲ್ಕಾಗಿ ಮಡಚಿ, ಕಸದ ಜೊತೆ ಹಾಕಲೆಂದು ಬದಿಗಿಟ್ಟರು. ಮಡಿಕೆಯ ಅಂಚುಗಳು ಒಂದಕ್ಕೊಂದು ಕೂಡಿರಲಿಲ್ಲ. ಅವನು ಅದನ್ನು ನೋಡಿದ. ಹಾಗೆಯೇ ಬಿಟ್ಟ.